ಗಡಿಗೆಯಮ್ಮನ ಮಣ್ಣಿಗೆ ನಾನು ಹಾಕಿಸಿದ ಬೇಲಿ

ಮೊನ್ನೆ ಸಾಗರದ ಟೈಲ್ಸ್ ಅಂಗಡಿಯೊಂದರಲ್ಲಿ ಬಚ್ಚಲುಮನೆಗೆ ನೆಲದ ಟೈಲು ಆರಿಸುತ್ತಿದ್ದೆವು. ಆರಿಸುತ್ತಿದ್ದವಳು ಹೆಂಡತಿ. ನಾನು ಒಂದೊಂದರ ಮೇಲೂ ಚಪ್ಪಲಿ ಬಿಟ್ಟು ನಿಂತು, ಎಪ್ಪತ್ತನೆಯ ವಯಸ್ಸಿನಲ್ಲಿ ಇದರ ಮೇಲೆ ಜಾರಿದರೆ ಯಾವ ಮೂಳೆ ಮುರಿಯಬಹುದು ಎಂದು ಅಂದಾಜು ಮಾಡುತ್ತಿದ್ದೆ. ಎಪ್ಪತ್ತಾಗಲು ಇನ್ನೂ ಹದಿನೆಂಟು ವರ್ಷವಿದೆ. ಆದರೆ ಚಿಂತೆಯನ್ನು ಮುಂಚಿತವಾಗಿ ಮಾಡಿಟ್ಟುಕೊಳ್ಳುವುದು ನನ್ನ ಅಭ್ಯಾಸ.

ಅಂಗಡಿಯಾಕೆ ಇಟ್ಟಿಗೆ ಬಣ್ಣದ, ಒರಟು ಮೈಯ ಒಂದು ಟೈಲು ತಂದು ಮುಂದಿಟ್ಟರು. "ಟೆರಾಕೋಟ ಫಿನಿಶ್ ಸರ್. ಕೈಯಲ್ಲೇ ಮಾಡಿದ ಹಾಗೆ ಕಾಣ್ತದೆ." ನಿಜವೇ. ಒಂದು ಮೂಲೆಯಲ್ಲಿ ಉಗುರಿನ ಗುರುತೂ ಇತ್ತು, ಹಸಿ ಮಣ್ಣಿಗೆ ಯಾರದೋ ಹೆಬ್ಬೆರಳು ತಾಗಿ ಎಳೆಚಂದ್ರ ಮೂಡಿದ ಹಾಗೆ. ಎರಡನೆಯದನ್ನು ತೆಗೆದು ನೋಡಿದೆ. ಅದೇ ಮೂಲೆ, ಅದೇ ಚಂದ್ರ. ಮೂರನೆಯದರಲ್ಲೂ ಅದೇ. ಯಂತ್ರ ಅಚ್ಚು ಹಾಕಿದ ಉಗುರು.

"ಯಾಕೆ ಹಾಗೆ ನಿಂತ್ರಿ? ಇದೂ ಜಾರತ್ತಾ?" ಎಂದಳು ಹೆಂಡತಿ.

ಇಪ್ಪತ್ತೈದು ವರ್ಷಗಳ ಹಿಂದಿನ ಇನ್ನೊಂದು ಉಗುರು ಕಣ್ಣ ಮುಂದೆ ಬಂದಿತ್ತು…

ಆಗ ನಾನು ಹೊಸನಗರದಿಂದ ನಿಟ್ಟೂರಿಗೆ ಹೋಗುವ ದಾರಿಯ ಒಂದು ಹಳ್ಳಿಯ ಖಾಸಗಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಮದುವೆಯಾಗಿರಲಿಲ್ಲ. ಕೆಲಸವೂ ಖಾಯಮ್ಮಾಗಿರಲಿಲ್ಲ. ಶಾಲೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಎದುರು ಅಂಗಳದಲ್ಲಿ ಆಕೆ ಇದ್ದರು. ಊರಿಗೆಲ್ಲ ಗಡಿಗೆಯಮ್ಮ. ಆಗಲೇ ಅರವತ್ತು ದಾಟಿತ್ತು. ಗಂಡ ತಿರುಗಿಸುತ್ತಿದ್ದ ಚಕ್ರ ಅವರು ತೀರಿಕೊಂಡ ಮೇಲೆ ಗೋಡೆಗೆ ಒರಗಿತ್ತು. ಈಕೆ ಬರೀ ಕೈಯಲ್ಲಿ, ಒಂದು ಸಣ್ಣ ಹಲಗೆಯಿಂದ ತಟ್ಟಿ ತಟ್ಟಿ, ರೊಟ್ಟಿ ಹಂಚು, ಒಲೆ, ನೀರಿನ ಮಡಕೆ ಮಾಡುತ್ತಿದ್ದರು. ಒಬ್ಬಳೇ ಮಗಳನ್ನು ಸಾಗರಕ್ಕೆ ಕೊಟ್ಟಿತ್ತು.

ನಮ್ಮ ಪರಿಚಯ ಶುರುವಾದದ್ದೂ ನನ್ನ ಒಂದು ಚಿಂತೆಯಿಂದಲೇ. ಅವರ ಹತ್ತಿರ ಮಡಕೆ ಕೊಂಡು ನೀರು ತುಂಬಿಸಿಟ್ಟಿದ್ದೆ. ಸಂಜೆ ನೋಡಿದರೆ ಮೈಯೆಲ್ಲ ಒದ್ದೆ. ಅದನ್ನು ತಬ್ಬಿಕೊಂಡೇ ಅಂಗಳ ದಾಟಿದೆ.

"ಅಮ್ಮ, ಇದು ಸೋರ್ತಿದೆ."

ಆಕೆ ಮಡಕೆಯನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ಸೋರೋದಲ್ಲ ಮೇಷ್ಟ್ರೇ, ಬೆವರೋದು. ಹೊಸ ಮಡಕೆ ಬೆವರ್ಲೇ ಬೇಕು, ಇಲ್ದಿದ್ರೆ ನೀರು ತಣ್ಣಗಾಗೋದು ಹೆಂಗೆ? ನೀವು ಬೆವರಲ್ವಾ, ಹೆಡ್‌ಮಾಸ್ಟ್ರು ಎದುರಿಗೆ ಬಂದ್ರೆ?"

ನಾನು ಬೆವರುವುದು ಓಣಿಗೆಲ್ಲ ಗೊತ್ತಿದೆ ಎಂದು ನನಗೆ ಗೊತ್ತಾದದ್ದು ಆವತ್ತೇ.

ಆಮೇಲೆ ಸಂಜೆ ಶಾಲೆ ಬಿಟ್ಟು ಬಂದವನು ಅವರ ಜಗಲಿಯಲ್ಲಿ ಕೂರುವುದು ರೂಢಿಯಾಯಿತು. ಆಕೆ ಮಣ್ಣು ತುಳಿಯುತ್ತಿದ್ದರು, ತಟ್ಟುತ್ತಿದ್ದರು. ನಾನು ಮರುದಿನದ ಪಾಠವನ್ನು ಅವರಿಗೆ ಮೊದಲು ಒಪ್ಪಿಸುತ್ತಿದ್ದೆ. ಸಿಂಧೂ ಕಣಿವೆಯ ಊರುಗಳಲ್ಲಿ ಸುಟ್ಟ ಇಟ್ಟಿಗೆಗಳೆಲ್ಲ ಒಂದೇ ಅಳತೆಯಲ್ಲಿ ಇರುತ್ತಿದ್ದವು ಎಂದೆ. "ಅಷ್ಟೂ ಊರಿಗೆ ಒಂದೇ ಅಚ್ಚಾ? ಹೇಳೋ ಯಜಮಾನ ಭಾರೀ ಜೋರಿದ್ದ ಅನ್ಸುತ್ತೆ" ಎಂದರು. ಬಚ್ಚಲ ನೀರು ಹೋಗಲು ಸುಟ್ಟ ಮಣ್ಣಿನ ಕೊಳವೆ ಹೂಳುತ್ತಿದ್ದರು ಎಂದದ್ದಕ್ಕೆ, "ನಮ್ಮ ಪಂಚಾಯ್ತಿಯೋರಿಗೆ ಹೇಳಿ ಅದನ್ನ" ಎಂದರು. ಇನ್ನೊಂದು ದಿನ, ದೂರದ ದೇಶಗಳಲ್ಲಿ ಕಾಗದ ಬರುವ ಮೊದಲು ಜನ ಹಸಿ ಮಣ್ಣಿನ ಹಲಗೆಯ ಮೇಲೆ ಗೀರಿ ಬರೆದು, ಕೆಲವನ್ನು ಸುಟ್ಟು ಇಡುತ್ತಿದ್ದರು ಎಂದು ಹೇಳಿದೆ. ಆಕೆಯ ಕೈ ನಿಂತಿತು.

"ಸುಟ್ಟ ಮೇಲೆ ತಪ್ಪು ಕಂಡ್ರೆ ಎಂತ ಮಾಡ್ತಿದ್ರು?"

"ಹಾಗೇ ಇರ್ತಿತ್ತು."

"ಹಂಗಾದ್ರೆ ನಿಮ್ಮ ಪುಸ್ತಕದಲ್ಲಿ ಇರೋದ್ರಲ್ಲಿ ಎಷ್ಟು ತಪ್ಪು ಸುಟ್ಟು ಗಟ್ಟಿಯಾಗಿದ್ಯೋ" ಎಂದು ಮತ್ತೆ ತಟ್ಟತೊಡಗಿದರು.

ನಕ್ಕೆ. ಗಟ್ಟಿಯಾಗಲಿರುವ ಮುಂದಿನ ತಪ್ಪು ನನ್ನದೇ ಎಂದು ಆಗ ಗೊತ್ತಿರಲಿಲ್ಲ.

ಶಿವರಾತ್ರಿ ಕಳೆದು ಕೆರೆ ಬತ್ತಿದ ಮೇಲೆ ಎಂಟನೇ ತರಗತಿಯ ಮಕ್ಕಳನ್ನು ಕೆರೆಯ ಅಂಗಳಕ್ಕೆ ಕರೆದುಕೊಂಡು ಹೋಗಿದ್ದೆ, ಮಣ್ಣಿನ ಬಗೆಗಳನ್ನು ತೋರಿಸಲು. ದಂಡೆಯ ಒಂದು ಮೂಲೆಯಲ್ಲಿ ಕೆಸರು ಒಣಗಿ ಬಿರಿದ ಕಡೆ, ಸುಟ್ಟ ಮಣ್ಣಿನ ಗುಂಡುಗಳು ಕಂಡವು. ನೆಲ್ಲಿಕಾಯಿಗಿಂತ ತುಸು ದೊಡ್ಡವು. ನಡುವೆ ಆರಪಾರ ತೂತು. ಕೆದಕಿದಷ್ಟೂ ಬಂದವು. ಬಹಳಷ್ಟು ಒಡೆದಿದ್ದವು. ಒರೆಸಿ ನೋಡಿದರೆ ಪ್ರತಿಯೊಂದರ ಮೇಲೂ ಎಳೆಚಂದ್ರದಂಥ ಗೀರು. ಕೆಲವಕ್ಕೆ ಒಂದು, ಕೆಲವಕ್ಕೆ ಎರಡು, ಕೆಲವಕ್ಕೆ ಮೂರು.

ನಮ್ಮ ಹೊಸನಗರ ಸೀಮೆಯ ಜನಕ್ಕೆ ಒಂದು ನಂಬಿಕೆ ಇದೆ. ಕೆಳದಿ ಅರಸರ ನೆಲ ಇದು, ಎಲ್ಲಿ ಅಗೆದರೂ ಏನಾದರೂ ಸಿಕ್ಕೀತು ಎಂದು. ಆದರೆ ಅರಸರ ಕಾಲ ನನಗೆ ಸಾಲಲಿಲ್ಲ. ನಾನು ನೇರ ಮೂರು ನಾಲ್ಕು ಸಾವಿರ ವರ್ಷ ಹಿಂದಕ್ಕೆ ಹೋದೆ. ಒಂದು, ಎರಡು, ಮೂರು ಎಂದರೆ ಅಂಕಿಗಳು. ಅಂಕಿಗಳಿದ್ದರೆ ಲಿಪಿ ಇರಲೇಬೇಕು. ಮಾಮೂಲಾಗಿ ಪೆನ್ನಿನ ಟೋಪಿ ಹಾಕಿದೆನೋ ಇಲ್ಲವೋ ಎಂದು ಮೂರು ಸಲ ಮುಟ್ಟಿ ನೋಡುವ ನಾನು, ಆವತ್ತು ಒಂದು ಸಲವೂ ಅನುಮಾನಪಡಲಿಲ್ಲ. ಜೀವಮಾನದಲ್ಲಿ ಚಿಂತೆ ಮಾಡಬೇಕಾಗಿದ್ದ ಒಂದೇ ದಿನ ನಾನು ನಿಶ್ಚಿಂತೆಯಿಂದ ಇದ್ದೆ.

ಹೆಡ್‌ಮಾಸ್ಟರು ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು ಗುಂಡು ನೋಡಿದರು. ಯಾರಿಗೋ ಫೋನು ಮಾಡಿದರು. ಎರಡು ದಿನ ಬಿಟ್ಟು ಒಬ್ಬ ವರದಿಗಾರರು ಬಂದು, ಕೆರೆದಂಡೆಯಲ್ಲಿ ನನ್ನನ್ನು ನಿಲ್ಲಿಸಿ, ಅಂಗೈಯಲ್ಲಿ ಗುಂಡು ಹಿಡಿಸಿ ಫೋಟೋ ತೆಗೆದರು. ಪತ್ರಿಕೆಯಲ್ಲಿ ಬಂತು. ಸಾಗರದಲ್ಲಿದ್ದ ನನ್ನ ಅಮ್ಮ ಅದನ್ನು ಕತ್ತರಿಸಿ ಲ್ಯಾಮಿನೇಷನ್ ಮಾಡಿಸಿದಳು. ಬೇಸಿಗೆ ರಜೆಯಲ್ಲಿ ಆಡಳಿತ ಮಂಡಳಿ ಕೂತು ನನ್ನ ಕೆಲಸದ ಬಗ್ಗೆ ತೀರ್ಮಾನಿಸುವುದಿತ್ತು. "ಇನ್ನು ನಿಮ್ಮದು ಖಾಯಂ ಅಂತಲೇ ಇಟ್ಕೊಳ್ಳಿ" ಎಂದು ಹೆಡ್‌ಮಾಸ್ಟರು ಬೆನ್ನು ತಟ್ಟಿದರು. ಅದೇ ವಾರ ಪಂಚಾಯಿತಿಯವರು ಕೆರೆಯ ಆ ಮೂಲೆಗೆ ಗೂಟ ಹೊಡೆದು ತಂತಿ ಎಳೆದರು. ಬೋರ್ಡೂ ಬಂತು: ಪ್ರಾಚೀನ ಸ್ಥಳ, ಅಧಿಕಾರಿಗಳು ಪರಿಶೀಲಿಸುವವರೆಗೆ ಇಲ್ಲಿ ಮಣ್ಣು ತೆಗೆಯಬಾರದು.

ಮಡಕೆಗೆ ಬರುವ ಜೇಡಿಮಣ್ಣು ಇಡೀ ಕೆರೆಯಲ್ಲಿ ಇದ್ದದ್ದು ಆ ಮೂಲೆಯಲ್ಲಿ ಮಾತ್ರ. ಕೆರೆ ಬತ್ತಿದಾಗಿನಿಂದ ಮಳೆ ಬೀಳುವವರೆಗೆ ಗಡಿಗೆಯಮ್ಮ ಇಡೀ ವರ್ಷಕ್ಕೆ ಬೇಕಾದ ಮಣ್ಣನ್ನು ಅಲ್ಲಿಂದಲೇ ಹೊತ್ತು ತಂದು ಮನೆ ಹಿಂದೆ ರಾಶಿ ಹಾಕುತ್ತಿದ್ದರು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ತಂತಿ ಎಳೆದಾಗ ಹೊಳೆಯಲಿಲ್ಲ. ಆಕೆ ಒಂದು ಬೆಳಿಗ್ಗೆ ಬುಟ್ಟಿ, ಗುದ್ದಲಿ ಹಿಡಿದು ಹೋದದ್ದನ್ನೂ ಅರ್ಧ ಗಂಟೆಯಲ್ಲಿ ಖಾಲಿ ಬುಟ್ಟಿಯೊಂದಿಗೆ ಬಂದದ್ದನ್ನೂ ಕಿಟಕಿಯಿಂದ ನೋಡಿದ್ದೆ. ಆಗ ಕನ್ನಡಿ ಮುಂದೆ ಕ್ರಾಪು ತೀಡುತ್ತಿದ್ದೆ.

ಒಂದು ಭಾನುವಾರ ರೊಟ್ಟಿ ಹಂಚು ಕೇಳಲು ಹೋದೆ. ಸಾಗರದ ನನ್ನ ಅಮ್ಮನಿಗೆ ಒಯ್ದು ಕೊಡಬೇಕಿತ್ತು. ಆಕೆ ಹಳೆಯ ವರ್ಷದ ಮಣ್ಣಿನ ಕೊನೆಯ ಮುದ್ದೆಯಲ್ಲಿ ಒಂದು ಹಂಚು ತಟ್ಟಿ, ಅಂಚಿಗೆ ಚಂದಕ್ಕೆಂದು ಹೆಬ್ಬೆರಳಿನ ಉಗುರು ಒತ್ತುತ್ತಾ ಬರುತ್ತಿದ್ದರು. ಎಡಗೈ ಹೆಬ್ಬೆರಳು. ಯಾವ ಕಾಲದಲ್ಲೋ ಕಲ್ಲು ಬಿದ್ದು ಸೀಳಿ, ಹಾಗೇ ಬೆಳೆದ ಉಗುರು. ಅದು ಒತ್ತಿದ ಕಡೆಯೆಲ್ಲ ಎಳೆಚಂದ್ರ, ನಡುವೆ ಕೂದಲೆಳೆಯಷ್ಟು ಸೀಳು.

ಆ ಸೀಳನ್ನು ನಾನು ಕೆರೆಯ ಗುಂಡುಗಳ ಮೇಲೆ ಭೂತಗನ್ನಡಿಯಲ್ಲಿ ನೋಡಿದ್ದೆ. ಪತ್ರಿಕೆಯವರಿಗೆ ಅದನ್ನು "ಅಕ್ಷರದ ಒಳಗಿನ ಉಪಚಿಹ್ನೆ" ಎಂದು ವಿವರಿಸಿದ್ದೆ.

ಜಗಲಿಯ ಮೇಲೆ ಕೂತೆ. ಆಕೆ ಕೈ ತೊಳೆದು ನೀರು ತಂದುಕೊಟ್ಟರು.

"ಗೊತ್ತಾಯ್ತಾ?" ಎಂದರು.

"ಅಮ್ಮ, ಅವು ಎಂತದು?"

"ಬಲೆ ಗುಂಡು. ಹಿನ್ನೀರಲ್ಲಿ ಮೀನು ಹಿಡಿಯೋರು ಬಲೆ ಕೆಳಗೆ ಇಳೀಲಿ ಅಂತ ಕಟ್ತಿದ್ರು. ಅಣ್ಣತಮ್ಮಂದ್ರು ಮೂರು ಜನ, ಗುಂಡು ಅದಲು ಬದಲಾಯ್ತು ಅಂತ ದಿನಾ ಜಗಳ. ಅದ್ಕೆ ದೊಡ್ಡವಂಗೆ ಒಂದು ಉಗುರು, ನಡೂನವಂಗೆ ಎರಡು, ಸಣ್ಣವಂಗೆ ಮೂರು ಹಾಕ್ತಿದ್ದೆ. ಒಂದ್ಸಲ ಸುಡೋವಾಗ ಮಳೆ ಬಂದು ಅರ್ಧಂಬರ್ಧ ಬೆಂದು ಒಡೆದೋದ್ವು. ಕೆರೆಗೆ ಸುರಿದ್ವಿ. ಆಮೇಲೆ ಸೀಸದ ಗುಂಡು ಬಂತು, ಇದನ್ನ ಯಾರೂ ಕೇಳ್ಲಿಲ್ಲ."

"ನನಗೆ ಯಾಕೆ ಹೇಳ್ಲಿಲ್ಲ ನೀವು?"

"ಹೇಳಾಣ ಅಂತ ಕೆರೆ ಹತ್ರ ಬಂದಿದ್ದೆ. ನೀವು ಫೋಟೋಕ್ಕೆ ನಿಂತಿದ್ರಿ. ಮಕ್ಕಳೆಲ್ಲ ಸುತ್ತ ನಿಂತು ನಿಮ್ಮನ್ನೇ ನೋಡ್ತಿದ್ವು. ಅಷ್ಟು ಜನದ ಎದುರಿಗೆ ಹೆಂಗೆ ಹೇಳೋದು ಮಾರಾಯ್ರೆ."

"ನಿಮ್ಮ ಮಣ್ಣು?"

"ಒಂದು ವರ್ಷ ಇಲ್ದಿದ್ರೆ ಎಂತ ಆಗ್ತದೆ? ನಿಮ್ಮ ಕೆಲ್ಸ ಒಂದು ಗಟ್ಟಿಯಾಗ್ಲಿ. ಸುಮ್ನೆ ಇದ್ದುಬಿಡಿ."

ಸುಮ್ಮನಿರುವುದು ನನಗೆ ಕಷ್ಟದ ಕೆಲಸವಲ್ಲ. ಹನ್ನೊಂದು ದಿನ ಸುಮ್ಮನಿದ್ದೆ. ನಿಜ ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಆಕೆಯ ವರ್ಷ ಹೋಗುತ್ತದೆ. ಲೆಕ್ಕ ಇಷ್ಟೇ ಇತ್ತು. ಆದರೆ ನಾನು ಅದರ ಸುತ್ತ ಬೇರೆ ಬೇರೆ ಚಿಂತೆಗಳನ್ನು ಬೆಳೆಸಿದೆ. ಅಧಿಕಾರಿಗಳು ತಾವೇ ಬಂದು ನೋಡಿ ಬೋರ್ಡು ತೆಗೆದರೆ ನಾನು ಹೇಳುವ ಅಗತ್ಯವೇ ಬೀಳುವುದಿಲ್ಲವಲ್ಲ ಎಂದು ಕಾದೆ. ಪತ್ರಿಕೆಯವರು ಕೇಸು ಹಾಕಬಹುದೇ ಎಂದು ಯೋಚಿಸಿದೆ. ಲ್ಯಾಮಿನೇಷನ್ ಮಾಡಿಸಿದ ಅಮ್ಮನ ಮುಖ ನೆನೆದೆ. ಮೂರು ಬಾರಿ ಪಂಚಾಯಿತಿಯ ಮೆಟ್ಟಿಲವರೆಗೆ ಹೋಗಿ, ಅಲ್ಲಿ ಎದುರಾದವರಿಗೆ "ಸುಮ್ನೆ ಬಂದೆ" ಎಂದು ಹೇಳಿ ವಾಪಸ್ಸಾದೆ. ಸಂಜೆ ಜಗಲಿಗೆ ಹೋಗುವುದನ್ನು ಬಿಟ್ಟೆ. ಆ ಹನ್ನೊಂದು ದಿನವೂ ತಟ್ಟುವ ಸದ್ದು ಬರಲಿಲ್ಲ. ತಟ್ಟಲು ಮಣ್ಣಿರಲಿಲ್ಲ.

ಹನ್ನೆರಡನೆಯ ದಿನ ಕೊಡಚಾದ್ರಿಯ ಕಡೆ ಮೋಡ ಕಟ್ಟಿತು. ಚಹಾ ಅಂಗಡಿಯಲ್ಲಿ ಯಾರೋ, "ಈ ಸಲ ರೇವತಿ ಮಳೆನೇ ಜೋರು ಹಿಡಿಯೋ ಹಂಗಿದೆ" ಎಂದರು. ಲೋಟ ಅಲ್ಲೇ ಬಿಟ್ಟು ಹೆಡ್‌ಮಾಸ್ಟರ ಹತ್ತಿರ ಹೋದೆ. ಬೆವರಿದೆ, ಆದರೆ ಹೇಳಿದೆ. ಅವರು ಮೇಜಿನ ಮೇಲಿನ ಗುಂಡನ್ನು ಒಮ್ಮೆ ಉರುಳಿಸಿದರು. "ಮಕ್ಕಳಿಗೆ ನೀವೇ ಹೇಳ್ತೀರೋ, ನಾನು ಹೇಳ್ಲೋ?" ಎಂದರು.

ನಾನೇ ಹೇಳಿದೆ. ತರಗತಿ ನಗಲಿಲ್ಲ, ಅದೇ ಕಷ್ಟವಾದದ್ದು. ಮುಂದಿನ ಬೆಂಚಿನ ಹುಡುಗಿ ಕೈಯೆತ್ತಿ, "ಸಾರ್, ಹಂಗಾದ್ರೆ ಪುಸ್ತಕದಲ್ಲಿ ಇರೋದನ್ನ ಯಾರನ್ನ ಕೇಳಿ ಬರೆದಿದಾರೆ?" ಎಂದಳು. ಗಡಿಗೆಯಮ್ಮನ ಪ್ರಶ್ನೆಯನ್ನೇ ಕೇಳಿದಂತಾಯಿತು.

ಪಂಚಾಯಿತಿಯ ಕಾರ್ಯದರ್ಶಿ ನನ್ನ ಅರ್ಜಿ ಓದಿ, "ಬೋರ್ಡಿಗೆ ಈಗಷ್ಟೇ ಬಣ್ಣ ಹೊಡೆಸಿದೀವಲ್ಲ ಮೇಷ್ಟ್ರೇ" ಎಂದು ಬೇಸರಪಟ್ಟರು. ಅಲ್ಲಿ ಕೂತಿದ್ದ ಮೂರು ಜನ ಹಿರಿಯರು, ಅವು ಬಲೆ ಗುಂಡೆಂದು ತಮಗೆ ಮೊದಲೇ ಗೊತ್ತಿತ್ತು ಎಂದರು. ಮತ್ತೇಕೆ ಹೇಳಲಿಲ್ಲ ಎಂದರೆ, "ಪೇಪರ್‌ನಲ್ಲಿ ಬಂದ ಮೇಲೆ ನಾವೆಂತ ಹೇಳೋದು" ಎಂದರು.

ಆವತ್ತೇ ಮಧ್ಯಾಹ್ನ ತಂತಿ ಬಿಚ್ಚಿಸಿ, ಪ್ಯಾಂಟು ಮಡಚಿ, ಗಡಿಗೆಯಮ್ಮನ ಜೊತೆ ಕೆರೆಗಿಳಿದೆ. ಮೇಲಿನ ಕಪ್ಪು ಗೋಡುಮಣ್ಣನ್ನು ಸರಿಸಿದರೆ ಕೆಳಗೆ ಬೂದು ಬಣ್ಣದ ಜೇಡಿ. ಆಕೆ ಚಿಟಿಕೆ ಮಣ್ಣನ್ನು ಮುಂಬಲ್ಲಿನಲ್ಲಿ ಕಚ್ಚಿ ನೋಡುತ್ತಿದ್ದರು. ಮರಳಿನ ಕಿರಕಿರಿ ಸಿಕ್ಕರೆ ಉಗಿದು, ಇನ್ನೊಂದು ಮೊಳ ಆಚೆ ಅಗೆಯಲು ಹೇಳುತ್ತಿದ್ದರು. ನನಗೂ ಕಚ್ಚಿಸಿದರು.

"ಹೆಂಗಿದೆ?"

"ಮಣ್ಣಿನ ಹಾಗೇ ಇದೆ."

"ಲಿಪಿ ಓದ್ತೀರಿ, ಮಣ್ಣು ಓದಕ್ಕೆ ಬರಲ್ಲ" ಎಂದು ನಕ್ಕರು. ಅಂದಿನಿಂದ ನಾನು ಅವರಿಗೆ ಲಿಪಿ ಮೇಷ್ಟ್ರು.

ನನ್ನ ಬುಟ್ಟಿ ಪ್ರತಿ ಸಲವೂ ದಂಡೆ ಹತ್ತುವಾಗ ಕಾಲು ಭಾಗ ಚೆಲ್ಲುತ್ತಿತ್ತು. ಆಕೆ ಹಿಂದಿನಿಂದ ಅದನ್ನು ಆಯ್ದುಕೊಂಡು ಬರುತ್ತಿದ್ದರು. ಎರಡು ದಿನ ಹೊತ್ತೆವು. ಮೂರನೆಯ ದಿನ ಬೆಳಿಗ್ಗೆಯೇ ಗುಡುಗಿ ಸುರಿಯಿತು. ಗುಂಡಿ ತುಂಬಿತು. ಬೆನ್ನಿಗೇ ಇನ್ನೆರಡು ಮಳೆ. ಮನೆಯ ಹಿಂದಿನ ರಾಶಿ ಪ್ರತಿ ವರ್ಷ ಆಕೆಯ ಎದೆಮಟ್ಟಕ್ಕೆ ಬರುತ್ತಿತ್ತಂತೆ. ಆ ವರ್ಷ ಮೊಣಕಾಲಿಗೆ ನಿಂತಿತು.

"ಸಾಕಾಗತ್ತಾ ಅಮ್ಮ?" ಎಂದೆ.

"ಹಂಚು ಮಾಡ್ಕೊಂಡ್ರೆ ಆಯ್ತು. ಮಡಕೆಗೆ ಮಣ್ಣು ಜಾಸ್ತಿ ಬೇಕು, ಹಂಚಿಗೆ ಎಷ್ಟು ಬೇಕು? ನೀವು ಸುಮ್ನೆ ಹೊಸ ಚಿಂತೆ ಹಚ್ಕೋಬೇಡಿ."

ಹಚ್ಚಿಕೊಳ್ಳಲಿಲ್ಲ. ಆಡಳಿತ ಮಂಡಳಿ ನನ್ನ ವಿಷಯದಲ್ಲಿ "ಇನ್ನೊಂದು ವರ್ಷ ನೋಡೋಣ" ಎಂದಿತು. ನನಗೆ ಅವಮಾನವಾಗಿ, ತೀರ್ಥಹಳ್ಳಿಯಲ್ಲಿ ಬೇರೆ ಕೆಲಸ ಹುಡುಕಿಕೊಂಡು ಮಳೆಗಾಲಕ್ಕೆ ಮುಂಚೆ ಹೊರಟೆ. ಹೊರಡುವ ದಿನ ಆಕೆಯ ಮನೆಗೆ ಬೀಗ. ಮಗಳ ಮನೆಗೆ ಹೋಗಿದ್ದಾರೆ, ಹವಾ ಬದಲಾವಣೆಗೆ ಅಂತ ಪಕ್ಕದವರು ಹೇಳಿದರು. ಒಳ್ಳೆಯದೇ ಆಯಿತು, ಸ್ವಲ್ಪ ವಿಶ್ರಾಂತಿ ಸಿಗುತ್ತದೆ ಅಂದುಕೊಂಡೆ.

ಆಮೇಲೆ ಎರಡು ಮೂರು ಸಲ ಹೋಗಿ ನೋಡಿ ಬಂದದ್ದುಂಟು. ಪ್ರತಿ ಸಲವೂ ಜಗಲಿಯಲ್ಲಿ ಕೂರಿಸಿ, ಬೆಲ್ಲ ನೀರು ಕೊಟ್ಟು, "ಹೊಸದೇನಾದ್ರೂ ಸಿಕ್ತಾ ಲಿಪಿ ಮೇಷ್ಟ್ರೇ?" ಎಂದು ಕೇಳುತ್ತಿದ್ದರು. ಮದುವೆಯಾಯಿತು, ಮಕ್ಕಳಾದವು, ಅವು ಶಾಲೆ ಸೇರಿದ ಮೇಲೆ ಹೋಗುವುದು ತಪ್ಪಿತು… ಆದರೆ ತೀರ್ಥಹಳ್ಳಿಯ ತರಗತಿಯಲ್ಲಿ ಪ್ರತಿ ವರ್ಷ ಸಿಂಧೂ ಕಣಿವೆಯ ಪಾಠ ಬಂದಾಗ ಈ ಕಥೆ ಹೇಳುತ್ತಿದ್ದೆ. ನನ್ನನ್ನು ನಾನೇ ಚೆನ್ನಾಗಿ ಗೇಲಿ ಮಾಡಿಕೊಳ್ಳುತ್ತಿದ್ದೆ. ಕೊನೆಯಲ್ಲಿ ಮಾತ್ರ ಸ್ವರ ಸ್ವಲ್ಪ ತಗ್ಗಿಸಿ, ಒಬ್ಬ ಅಜ್ಜಿಯ ಬುಟ್ಟಿ ಮಣ್ಣಿಗಾಗಿ ಹೇಗೆ ಕೆಲಸ ಕಳೆದುಕೊಂಡೆ ಎಂದು ಮುಗಿಸುತ್ತಿದ್ದೆ. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ನಾನು ಬೇಡ ಬೇಡ ಎನ್ನುತ್ತಿದ್ದೆ, ಅಷ್ಟೇನೂ ಜೋರಾಗಿ ಅಲ್ಲ.

ಮೊನ್ನೆ ಹೆಂಡತಿಗೆ ಯಾವುದಾದರೂ ಆರಿಸು ಎಂದು ಹೇಳಿ ಅಂಗಡಿಯಿಂದ ಹೊರಬಿದ್ದೆ. ಗಡಿಗೆಯಮ್ಮನ ಮಗಳು ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹೊಲಿಗೆ ಅಂಗಡಿ ಇಟ್ಟದ್ದು ಗೊತ್ತಿತ್ತು. ಅಮ್ಮನ ಜಗಲಿಯಲ್ಲಿ ಒಂದೆರಡು ಸಲ ನನ್ನನ್ನು ಕಂಡಿದ್ದ ಆಕೆಗೂ ಈಗ ವಯಸ್ಸಾಗಿದೆ. ನಾನು ಯಾರೆಂದು ಹೇಳುವ ಮೊದಲೇ, "ಲಿಪಿ ಮೇಷ್ಟ್ರಲ್ವಾ?" ಎಂದರು.

ಅಮ್ಮ ಹೇಗಿದ್ದಾರೆ ಎಂದು ಕೇಳಲು ಬಾಯಿ ತೆರೆದೆ. ಹೊಲಿಗೆ ಯಂತ್ರದ ಮೇಲೆ, ಗೋಡೆಯಲ್ಲಿ, ಹಾರ ಹಾಕಿದ ಫೋಟೋ ಕಂಡಿತು.

"ಎರಡು ವರ್ಷ ಆಯ್ತು" ಎಂದರು. "ಕೊನೆಗೊಂದು ದಿನನೂ ಮಲಗ್ಲಿಲ್ಲ ಅಮ್ಮ. ನಿಮ್ಮ ವಿಷಯ ಹೇಳ್ಕೊಂಡು ನಗ್ತಿತ್ತು."

ಅವರು ಚಹಾ ತಂದರು. ಏನಾದರೂ ಮಾತಾಡಬೇಕಲ್ಲ ಎಂದು, ಆ ವರ್ಷ ಅಮ್ಮ ನಿಮ್ಮ ಮನೆಯಲ್ಲಿ ಒಂದಷ್ಟು ದಿನ ಆರಾಮಾಗಿ ಇದ್ದರಲ್ಲವೇ ಎಂದೆ.

ಮಗಳು ಲೋಟ ಕೆಳಗಿಟ್ಟರು. "ಆರಾಮಾ? ಇಲ್ಲಿ ಇಟ್ಟಿಗೆ ಭಟ್ಟಿಗೆ ಹೋಗ್ತಿತ್ತು ಮೇಷ್ಟ್ರೇ. ಹಂಚು ಎಲ್ಲ ಮೇ ತಿಂಗಳಿಗೇ ಮುಗ್ದೋಗಿತ್ತು, ಮಣ್ಣಿರ್ಲಿಲ್ಲ. ಆ ವರ್ಷ ಮಳೆಗೆ ಮುಂಚೆ ಒಂದು ತಿಂಗಳು, ಮಳೆ ಬಿಟ್ಟ ಮೇಲೆ ಮತ್ತೆ ನಾಲ್ಕು ತಿಂಗಳು. ಬೇರೆಯೋರ ಮಣ್ಣು ತುಳಿಯೋದು, ಬೇರೆಯೋರ ಅಚ್ಚಿಗೆ ತುಂಬೋದು. ಬೇಡ ಅಂದ್ರೆ ಕೇಳ್ಬೇಕಲ್ಲ. ಮಣ್ಣು ಬಿಟ್ರೆ ನಂಗೆಂತ ಗೊತ್ತು ಅನ್ನೋದು."

ಹನ್ನೊಂದು ದಿನಕ್ಕೆ ಎಷ್ಟು ಬುಟ್ಟಿಯಾಗುತ್ತಿತ್ತು ಎಂದು ತಲೆ ತನ್ನಷ್ಟಕ್ಕೆ ಕೂಡತೊಡಗಿತು. ರಾಶಿ ಮೊಣಕಾಲಿನಿಂದ ಎದೆಮಟ್ಟಕ್ಕೆ ಏರಲು ಅಷ್ಟು ದಿನ ಸಾಕಿತ್ತು. ಇಷ್ಟು ವರ್ಷ ನಾನು ಚಪ್ಪಾಳೆ ಪಡೆದ ಕಥೆಯಲ್ಲಿ ಕಳೆದುಕೊಂಡವನು ನಾನಾಗಿದ್ದೆ.

"ನನಗೆ ಒಂದು ಮಾತು ಹೇಳಬಹುದಿತ್ತು" ಎಂದೆ.

"ಹೇಳ್ಬೇಡ ಅಂದಿತ್ತು. ಮೇಷ್ಟ್ರು ಊಟ ಬಿಟ್ಟುಬಿಡ್ತಾರೆ ಅಂತ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅಮ್ಮನ ನಗುವೇ ತುಸು ಇತ್ತು. "ಮನಸ್ಸಿಗೆ ಹಚ್ಕೋಬೇಡಿ. ನೀವು ಕೇಳಿದ್ರೂ ಅದು ಹೇಳ್ತಿರ್ಲಿಲ್ಲ."

ಹೇಳುತ್ತಿರಲಿಲ್ಲ, ನಿಜ. ಆಮೇಲೆ ಹೋದ ಎರಡು ಮೂರು ಸಲವೂ ಆ ಜಗಲಿಯಲ್ಲಿ ಗಂಟೆಗಟ್ಟಲೆ ಕೂತಿದ್ದೆ. ನನ್ನ ಹೊಸ ಹೆಡ್‌ಮಾಸ್ಟರು, ನನ್ನ ರಕ್ತದೊತ್ತಡ, ನನ್ನ ಮಕ್ಕಳ ಕೆಮ್ಮು, ಎಲ್ಲ ಚಿಂತೆಯನ್ನೂ ಅವರ ಮುಂದೆ ಹರವಿದ್ದೆ. ಆಕೆ ಕೇಳಿಸಿಕೊಂಡಿದ್ದರು. ಆ ವರ್ಷ ಹೇಗೆ ಕಳೆದಿರಿ ಎಂದು ಮಾತ್ರ ನಾನು ಕೇಳಿರಲೇ ಇಲ್ಲ…